ಅಟ್ಟದ ಸಾಮಾನು ಪಕ್ಕದ ಮನೆಗೆ

ಮಗ ಎತ್ತರ ಬೆಳೆದಮೇಲೆ ಮೂಲೆ ಸೇರಿದ ಸೈಕಲ್ಲು, ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತಿರುವ ಟ್ರೆಡ್‌ಮಿಲ್ಲು, ಗೃಹಪ್ರವೇಶಕ್ಕೆ ಬಂದ ಮೂರನೇ ಗೋಡೆ ಗಡಿಯಾರ, ಡಬ್ಬ ಬಿಚ್ಚದ ಡಿನ್ನರ್ ಸೆಟ್ಟು, ಹಿಂದಿನ ಬಾಡಿಗೆ ಮನೆಯ ಕಿಟಕಿಯ ಅಳತೆಗೆ ಹೊಲಿಸಿದ್ದ ಪರದೆಗಳು. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಅಟ್ಟ ತೆರೆದರೂ ಹೆಚ್ಚುಕಡಿಮೆ ಇದೇ ಪಟ್ಟಿ. ಬಿಸಾಡಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ.

ಹಳೆಯದನ್ನು ದಾಟಿಸುವ ದಾರಿಗಳು ನಮ್ಮ ಮನೆಗಳಿಗೆ ಹೊಸವೇನಲ್ಲ. ಹಳೇ ಸೀರೆ, ಪ್ಯಾಂಟು ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವ ಪದ್ಧತಿ ಊರೂರಲ್ಲೂ ಇತ್ತು. ಪಾತ್ರೆ ಬುಟ್ಟಿ ಹೊತ್ತು ಬರುವ ಹೆಂಗಸರು ಈಗಲೂ ಅಲ್ಲಲ್ಲಿ ಕಾಣುತ್ತಾರೆ. ಹಳೇ ಪೇಪರ್, ಕಬ್ಬಿಣಕ್ಕೆ ಗುಜರಿಯವರಿದ್ದಾರೆ. ಆದರೆ ಗುಜರಿಯ ತಕ್ಕಡಿ ನೋಡುವುದು ತೂಕವನ್ನು ಮಾತ್ರ. ಎರಡು ವರ್ಷ ಓಡಿಸಿದ, ಬೆಲ್ಲೂ ಬ್ರೇಕೂ ಸರಿಯಿರುವ ಸೈಕಲ್ ಅಲ್ಲಿ ಇಷ್ಟು ಕಿಲೋ ಕಬ್ಬಿಣ ಅಷ್ಟೇ. ಮೂರನೇ ಮಹಡಿಯಿಂದ ಅದು ಗುಜರಿಗೆ ಹೋದ ವಾರವೇ ಏಳನೇ ಮಹಡಿಯವರು ತಮ್ಮ ಮಗುವಿಗೆ ಅಂಥದ್ದೇ ಸೈಕಲ್ಲನ್ನು ಪೂರಾ ಬೆಲೆಗೆ ತರುತ್ತಾರೆ. ಈ ಇಬ್ಬರನ್ನೂ ಒಂದೇ ಬೆಳಗ್ಗೆ, ಒಂದೇ ಜಾಗದಲ್ಲಿ ಎದುರುಬದುರು ನಿಲ್ಲಿಸುವ ಏರ್ಪಾಡೇ ಗ್ಯಾರೇಜ್ ಸೇಲ್.

ಅಮೆರಿಕದಲ್ಲಿ ಇದು ವಾರಾಂತ್ಯದ ಮಾಮೂಲಿ ದೃಶ್ಯ. ಅಲ್ಲಿನ 127ನೇ ಹೆದ್ದಾರಿಯ ಉದ್ದಕ್ಕೂ ಪ್ರತಿವರ್ಷ ಆಗಸ್ಟ್ ಮೊದಲ ಗುರುವಾರದಿಂದ ನಾಲ್ಕು ದಿನ ನಡೆಯುವ ಮಾರಾಟ 1987ರಲ್ಲಿ ಆರಂಭವಾಗಿ ಇಂದು ಮಿಷಿಗನ್‌ನಿಂದ ಅಲಬಾಮವರೆಗೆ ಆರು ರಾಜ್ಯಗಳಲ್ಲಿ, 690 ಮೈಲಿ ಹಬ್ಬಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಏಪ್ರಿಲ್ 27ರ ರಾಜನ ದಿನದಂದು ಮಕ್ಕಳು ಬೀದಿಯಲ್ಲಿ ಬೆಡ್‌ಶೀಟ್ ಹಾಸಿ ತಮ್ಮ ಹಳೆಯ ಆಟಿಕೆ ಮಾರುತ್ತಾರೆ. ಕೆನಡಾದ ಒಟ್ಟಾವಾದಲ್ಲಿ ಗ್ಲೀಬ್ ಎಂಬ ಬಡಾವಣೆಯವರು ಮೇ ತಿಂಗಳ ಒಂದು ಶನಿವಾರ ಬೀದಿಗೆ ಬೀದಿಯೇ ಸೇರಿ ಮಾರಾಟ ನಡೆಸಿ, ಬಂದದ್ದರಲ್ಲಿ ಒಂದು ಪಾಲನ್ನು ನಗರದ ಆಹಾರ ಬ್ಯಾಂಕಿಗೆ ಕೊಡುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೊಂದುವುದು ಈ ಗ್ಲೀಬ್ ಮಾದರಿಯೇ. ಒಂದೊಂದು ಮನೆ ಪ್ರತ್ಯೇಕವಾಗಿ ಮಾರಿದರೆ ನಾಲ್ಕು ಜನ ಬರುತ್ತಾರೆ, ಇಪ್ಪತ್ತು ಮನೆಯವರು ಒಟ್ಟಿಗೆ ಮೇಜು ಹಾಕಿದರೆ ಇಡೀ ಸಮುಚ್ಚಯವೇ ಕೆಳಗಿಳಿಯುತ್ತದೆ.

ಮೊದಲು ಬೇಕಾದ್ದು ಅನುಮತಿ. ಬೇಸ್‌ಮೆಂಟ್ ಪಾರ್ಕಿಂಗ್ ಎಲ್ಲರಿಗೂ ಸೇರಿದ್ದು. ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಬರಹದಲ್ಲಿ ಕೇಳಿ, ದಿನ, ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ಅತಿಥಿಗಳ ಕಾರು ನಿಲ್ಲುವ ಜಾಗ ಅಥವಾ ಕ್ಲಬ್‌ಹೌಸ್ ಆದರೆ ಯಾರ ಗಾಡಿಯನ್ನೂ ಸರಿಸಬೇಕಿಲ್ಲ. ಮೆಟ್ಟಿಲ ಬಾಯಿ, ಲಿಫ್ಟಿನ ಎದುರು, ಬೆಂಕಿ ನಂದಿಸುವ ಕೊಳವೆಯ ಮುಂದೆ ಒಂದು ಸ್ಟೂಲನ್ನೂ ಇಡಬಾರದು. ಹೊರಗಿನವರನ್ನು ಒಳಗೆ ಬಿಡುವುದೋ ಬೇಡವೋ ಎಂಬುದೂ ಸಂಘದ ತೀರ್ಮಾನ. ಮೊದಲ ಸಲವಾದರೆ ನಿವಾಸಿಗಳಿಗಷ್ಟೇ ಇಟ್ಟುಕೊಳ್ಳುವುದು ಲೇಸು; ಗೇಟಿನಲ್ಲಿ ಸೆಕ್ಯುರಿಟಿಯವರ ಮೇಲೆ ಒತ್ತಡ ಬೀಳುವುದಿಲ್ಲ. ಸ್ವಂತ ಮನೆಯವರಾದರೆ ಕಾರ್ ಶೆಡ್ಡು, ಪೋರ್ಟಿಕೊ ಸಾಕು. ಆದರೆ ಮೇಜು ಗೇಟಿನೊಳಗೇ ಇರಬೇಕು, ಫುಟ್‌ಪಾತಿಗೆ ಇಳಿಯಕೂಡದು.

ದಿನ ಆರಿಸುವಾಗ ನೋಡಬೇಕಾದ ಸಂಗತಿಗಳಿವೆ. ಸಂಬಳದ ಊರಿನಲ್ಲಿ ತಿಂಗಳ ಮೊದಲ ವಾರಾಂತ್ಯ ಜೇಬು ಸಡಿಲವಾಗಿರುತ್ತದೆ. ಶನಿವಾರ ಕಬ್ಬಿಣ ಮನೆಗೆ ತರಬಾರದೆಂದು ನಂಬುವವರು ಇನ್ನೂ ಸಾಕಷ್ಟಿದ್ದಾರೆ; ಸೈಕಲ್ಲು, ಕಬ್ಬಿಣದ ಮಂಚ, ಡಂಬೆಲ್ಲುಗಳಿದ್ದರೆ ಭಾನುವಾರವೇ ಸರಿ. ಶಾಲೆ ತೆರೆಯುವ ಮುಂಚಿನ ಮೇ ಕೊನೆ ಎಲ್ಲಕ್ಕಿಂತ ಒಳ್ಳೆಯ ಕಾಲ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಓದುವ ಮೇಜು ಎಲ್ಲಕ್ಕೂ ಆಗ ಗಿರಾಕಿಗಳಿರುತ್ತಾರೆ. ಯುಗಾದಿ, ದೀಪಾವಳಿಗೆ ಮನೆ ತೊಳೆಯುವ ಎರಡು ವಾರ ಮುಂಚೆಯೂ ಒಳ್ಳೆಯದು, ಅಟ್ಟ ಇಳಿಸುವ ಕೆಲಸ ಹೇಗೂ ಆಗಬೇಕಿರುತ್ತದೆ. ಹೊತ್ತು ಬೆಳಗ್ಗೆ ಒಂಬತ್ತರಿಂದ ಒಂದು. ಊಟದ ನಂತರ ಬೇಸ್‌ಮೆಂಟಿಗೆ ಯಾರೂ ಇಳಿಯುವುದಿಲ್ಲ.

ಇನ್ನು ವಿಂಗಡಣೆ. ಮಾರಾಟದ ಯಶಸ್ಸು ನಿರ್ಧಾರವಾಗುವುದು ಇಲ್ಲಿಯೇ. ವಸ್ತುವನ್ನು ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ಇದನ್ನು ಮನೆಯಲ್ಲಿ ಯಾರಾದರೂ ಮುಟ್ಟಿದ್ದಾರೆಯೇ? ಇಲ್ಲವೆಂದರೆ ಅದು ಹೋಗಬೇಕಾದ ವಸ್ತು. ಹೋಗಬೇಕಾದ್ದರಲ್ಲೂ ಮಾರಬೇಕಾದ್ದು, ಕೊಡಬೇಕಾದ್ದು ಬೇರೆ ಬೇರೆ. ಮನೆಗೆಲಸದವರಿಗೆ, ಸೆಕ್ಯುರಿಟಿಯವರಿಗೆ, ಕಸ ಒಯ್ಯುವವರಿಗೆ ಬೇಕಾಗಬಹುದಾದ ಹಾಸಿಗೆ, ಸ್ಕೂಲ್ ಬ್ಯಾಗು, ಪಾತ್ರೆಗಳನ್ನು ಮಾರಾಟಕ್ಕೆ ಮುಂಚೆಯೇ, ಅವರನ್ನು ಕೇಳಿ, ಕೊಟ್ಟುಬಿಡುವುದು ಮರ್ಯಾದೆ. ಮಾರಿ ಉಳಿದದ್ದನ್ನು ಸಂಜೆ ಅವರ ಕೈಗೆ ತುರುಕುವುದಕ್ಕೂ ಮೊದಲೇ ಕರೆದು ಆರಿಸಿಕೊಳ್ಳಲು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಹರಿದದ್ದು, ಸೀಳಿದ್ದು, ಕೆಟ್ಟದ್ದನ್ನು ಮಾರಲೂಬಾರದು, ದಾನವಾಗಿಯೂ ಕೊಡಬಾರದು.

ಕೆಲವನ್ನು ಮೇಜಿನ ಮೇಲೆ ಇಡಲೇಬಾರದು. ಅಡುಗೆ ಅನಿಲದ ಸಿಲಿಂಡರ್ ಕಂಪನಿಯ ಸ್ವತ್ತು. ಅದನ್ನು ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸು ಪಡೆಯಬೇಕು. ಪಕ್ಕದ ಮನೆಗೆ ಮಾರುವುದು ಅಕ್ರಮ. ಉಳಿದ ಮಾತ್ರೆ, ಟಾನಿಕ್ಕುಗಳನ್ನು ಪರವಾನಗಿಯಿಲ್ಲದೆ ಮಾರುವಂತಿಲ್ಲ. ಹಳೆಯ ಹೆಲ್ಮೆಟ್ ಹೊರಗಿನಿಂದ ಹೊಸದರಂತೆ ಕಂಡರೂ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ಒಳಗಿನ ಥರ್ಮೊಕೋಲ್ ಪದರ ಕುಗ್ಗಿರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಕಾರ್ ಸೀಟಿನದೂ ಇದೇ ಕತೆ. ಅದರ ಪ್ಲಾಸ್ಟಿಕ್ಕಿಗೆ ಆಯಸ್ಸಿದೆ, ತಯಾರಿಕೆಯ ದಿನಾಂಕ ಸೀಟಿನ ಹಿಂಬದಿಯಲ್ಲಿ ಇರುತ್ತದೆ. ಒಂದು ಬದಿಯ ಕಟಕಟೆ ಜಾರಿ ಇಳಿಯುವ ಮಗುವಿನ ತೊಟ್ಟಿಲು ಮಂಚಗಳನ್ನು ಅಮೆರಿಕ 2011ರಲ್ಲಿ ನಿಷೇಧಿಸಿತು. ಆ ಕಟಕಟೆ ಕಳಚಿ ಸಂದಿನಲ್ಲಿ ಸಿಲುಕಿ ಮಕ್ಕಳು ಸತ್ತದ್ದು ಅದಕ್ಕೆ ಕಾರಣ. ಅಲ್ಲಿ ಅಂಥ ಮಂಚವನ್ನು ಗ್ಯಾರೇಜ್ ಸೇಲಿನಲ್ಲಿ ಮಾರುವುದೂ ಕಾನೂನುಬಾಹಿರ. ಅಲ್ಲಿಂದ ಮರಳಿದ ಕುಟುಂಬಗಳ ಸಾಮಾನಿನಲ್ಲಿ ಅಂಥದ್ದು ಬಂದಿದ್ದರೆ ಅದನ್ನು ಬಿಚ್ಚಿ ಸೌದೆ ಮಾಡುವುದೇ ಸರಿ.

ಅಜ್ಜನ ಕಾಲದ ಪೆಟ್ಟಿಗೆ ತೆರೆಯುವವರು ಇನ್ನಷ್ಟು ಎಚ್ಚರ ವಹಿಸಬೇಕು. ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಹಾಕಿದ ಜಿಂಕೆ ಕೊಂಬು, ದಂತದ ಸಣ್ಣ ಗೊಂಬೆ, ಹುಲಿಯುಗುರಿನ ಪದಕ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 2023ರಲ್ಲಿ ಹುಲಿಯುಗುರಿನ ಪದಕ ಧರಿಸಿದವರ ಮೇಲೆ ಕರ್ನಾಟಕದಲ್ಲಿ ನಡೆದ ಕ್ರಮ ಓದುಗರಿಗೆ ನೆನಪಿರಬಹುದು. ಅದೇ 1972ರ ಇನ್ನೊಂದು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು.

ಈ ಎಚ್ಚರಕ್ಕೆ ಕಾನೂನಿನ ಭಯಕ್ಕಿಂತ ದೊಡ್ಡ ಕಾರಣವೂ ಇದೆ. 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ ಯಾರದೋ ಮನೆಯಂಗಳದ ಮಾರಾಟದಲ್ಲಿ ಸುಮಾರು ಮೂರು ಡಾಲರ್ ಕೊಟ್ಟು ಬಿಳಿಯ ಬಟ್ಟಲೊಂದನ್ನು ಕೊಂಡಿತು. ಕೆಲವು ವರ್ಷ ಅದು ಅವರ ಮನೆಯ ಹಜಾರದಲ್ಲಿ ಸುಮ್ಮನೆ ಇತ್ತು. ತಜ್ಞರು ನೋಡಿದಾಗ ಅದು ಚೀನಾದ ಉತ್ತರ ಸಾಂಗ್ ಕಾಲದ, ಸಾವಿರ ವರ್ಷ ಹಳೆಯ ಡಿಂಗ್ ಪಿಂಗಾಣಿ ಎಂದು ತಿಳಿಯಿತು. 2013ರ ಮಾರ್ಚಿನಲ್ಲಿ ಸದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೂ ಮೇಲೆ ಹೋಯಿತು. ಮಾರಿದವರಿಗೆ ದಕ್ಕಿದ್ದು ಮೂರೇ ಡಾಲರ್. ನಮ್ಮ ನಾಡಿನ ಉದಾಹರಣೆ ಇದಕ್ಕೂ ಮಿಗಿಲಾದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದ ತಾಳೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಆ ಕಟ್ಟು ಒಲೆಗೋ ರದ್ದಿಗೋ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು. ತಾಳೆಗರಿ, ಕಡತ, ಕೈಬರಹದ ಲೆಕ್ಕದ ಪುಸ್ತಕ, ಹಳೆಯ ಗಾಜಿನ ಫೋಟೊ ಇವನ್ನೆಲ್ಲ ಬೆಲೆ ಚೀಟಿ ಅಂಟಿಸುವ ಮುಂಚೆ ಬಲ್ಲವರಿಗೆ ತೋರಿಸಲೇಬೇಕು. ಮೈಸೂರಿನ ಆ ಸಂಸ್ಥೆ ಈಗಲೂ ಇದೆ.

ಬೆಲೆಯ ಮಾತಿಗೆ ಬರೋಣ. ಮಾರುವವರು ಎಡವುವುದು ಬಹುಪಾಲು ಇಲ್ಲೇ. ಹದಿನೆಂಟು ಸಾವಿರ ಕೊಟ್ಟು ಕೊಂಡ ಸೋಫಾ ಅವರ ಮನಸ್ಸಿನಲ್ಲಿ ಇನ್ನೂ ಹದಿನೆಂಟು ಸಾವಿರದ್ದೇ. ಕೊಳ್ಳುವವರಿಗೆ ಅದು ನಾಲ್ಕು ವರ್ಷ ಯಾರೋ ಕೂತೆದ್ದ ಸೋಫಾ. ಸಾಮಾನ್ಯವಾಗಿ ನಡೆಯುವ ಲೆಕ್ಕ ಹೀಗಿದೆ: ಒಳ್ಳೆಯ ಸ್ಥಿತಿಯ ಮರದ ಸಾಮಾನು, ಸೈಕಲ್, ಅಡುಗೆ ಯಂತ್ರಗಳಿಗೆ ಈಗಿನ ಹೊಸ ಬೆಲೆಯ ಮೂರನೇ ಒಂದು ಭಾಗ, ಪುಸ್ತಕಕ್ಕೆ ಕಾಲು ಭಾಗ, ದಿನಬಳಕೆಯ ಬಟ್ಟೆಗೆ ಹತ್ತನೇ ಒಂದು ಭಾಗವೂ ಕಷ್ಟ. ಡಬ್ಬ ಬಿಚ್ಚದ ಉಡುಗೊರೆಗಳಿಗೆ ಮಾತ್ರ ಅರ್ಧ ಬೆಲೆ ಸಿಕ್ಕೀತು. ಆನ್‌ಲೈನಿನಲ್ಲಿ ಅಂಥದ್ದೇ ವಸ್ತುವಿಗೆ ಯಾರೋ ದೊಡ್ಡ ಮೊತ್ತ ಕೇಳಿರುವುದನ್ನು ಆಧಾರ ಮಾಡಿಕೊಳ್ಳಬಾರದು. ಅದು ಕೇಳಿದ ಬೆಲೆ, ಮಾರಿದ ಬೆಲೆಯಲ್ಲ.

ಚೀಟಿ ಇಲ್ಲದ ವಸ್ತು ಹೋಗುವುದಿಲ್ಲ. ನೆರೆಯವರ ಬಳಿ ಬೆಲೆ ಕೇಳಲು ಜನ ಸಂಕೋಚಪಡುತ್ತಾರೆ, ನೋಡಿ ಮುಂದೆ ಸಾಗುತ್ತಾರೆ. ಮಾಸ್ಕಿಂಗ್ ಟೇಪಿನ ಚೂರಿನ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಓದಲೂ ಸುಲಭ, ಕಿತ್ತರೆ ಅಂಟೂ ಉಳಿಯುವುದಿಲ್ಲ. ಸಂಖ್ಯೆ ದುಂಡಗಿರಲಿ: 20, 50, 100, 200. ಹಲವು ಮನೆಗಳು ಸೇರಿದ್ದರೆ ಚೀಟಿಯ ಮೂಲೆಯಲ್ಲಿ ಫ್ಲ್ಯಾಟಿನ ಸಂಖ್ಯೆ ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಚಿಲ್ಲರೆ ವಸ್ತುಗಳಿಗೆ ಒಂದೊಂದಕ್ಕೂ ಚೀಟಿ ಬರೆಯುವ ಶ್ರಮ ಬೇಡ. ‘ಈ ಬುಟ್ಟಿಯಲ್ಲಿ ಯಾವುದಾದರೂ 20’ ಎಂದರಾಯಿತು.

ಚೌಕಾಸಿಗೆ ಜಾಗ ಬಿಟ್ಟೇ ಬೆಲೆ ಬರೆಯಬೇಕು. ಇನ್ನೂರಕ್ಕೆ ಕೊಡಬಹುದೆನಿಸಿದರೆ ಚೀಟಿ ಇನ್ನೂರೈವತ್ತರದಾಗಿರಲಿ. ‘ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂಬುದು ಖಂಡಿತ ಬರುವ ಪ್ರಶ್ನೆ. ಆಗ ತಟ್ಟನೆ ಕಡಿಮೆ ಹೇಳುವುದಕ್ಕಿಂತ ‘ನೀವೇ ಹೇಳಿ’ ಎಂದು ಕಾಯುವುದು ಮೇಲು. ಬಹಳ ಸಲ ಕೊಳ್ಳುವವರು ಹೇಳುವ ಬೆಲೆ ನಿರೀಕ್ಷೆಗಿಂತ ಹೆಚ್ಚೇ ಇರುತ್ತದೆ. ಬೆಲೆ ಇಳಿಸಲು ಮನಸ್ಸಿಲ್ಲದಿದ್ದರೆ ಜೊತೆಗೆ ಇನ್ನೊಂದನ್ನು ಸೇರಿಸಬಹುದು. ‘ಅದೇ ಬೆಲೆಗೆ ಈ ಎರಡು ಡಬ್ಬಿಯನ್ನೂ ತೊಗೊಳ್ಳಿ’ ಎಂದರೆ ಗಿರಾಕಿಗೂ ಲಾಭ, ಮೇಜೂ ಖಾಲಿ. ಮೊದಲ ಗಂಟೆಯಲ್ಲಿ ಬಿಗಿಯಾಗಿದ್ದು, ಕೊನೆಯ ಗಂಟೆಯಲ್ಲಿ ಕೈ ಸಡಿಲಿಸುವುದು ಅನುಭವಸ್ಥರ ಕ್ರಮ. ಒಂದು ಮಾತು ಮಾತ್ರ ಖಚಿತ: ಹಣ ಗಳಿಸಲೆಂದೇ ಮೇಜು ಹಾಕಿದವರು ನಿರಾಶರಾಗುತ್ತಾರೆ. ಜಾಗ ಬಿಡಿಸಲು, ವಸ್ತುವನ್ನು ಬಳಸುವವರ ಕೈಗೆ ದಾಟಿಸಲು ಬಂದವರಿಗೆ ಹಣವೂ ಬರುತ್ತದೆ.

ಜೋಡಣೆಯಲ್ಲಿ ಸ್ವಲ್ಪ ಶ್ರದ್ಧೆ ತೋರಿದರೆ ಬೆಲೆ ತಾನಾಗಿ ಏರುತ್ತದೆ. ಒಂದು ಮಿಕ್ಸಿಯನ್ನೇ ನೋಡೋಣ. ಅಟ್ಟದಿಂದ ಇಳಿಸಿದ ಹಾಗೇ ಇಟ್ಟರೆ ಗುಂಡಿಯ ಸುತ್ತ ಹಳೆಯ ಚಟ್ನಿಯ ಕಲೆ, ವೈರಿಗೆ ಧೂಳು, ಜಾರಿನ ಮುಚ್ಚಳ ಎಲ್ಲೋ. ಅದನ್ನು ಯಾರೂ ಮುಟ್ಟುವುದಿಲ್ಲ. ಅದೇ ಮಿಕ್ಸಿಯ ಗುಂಡಿಯ ಸಂದನ್ನು ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ವೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಸುತ್ತಿ, ಮೂರು ಜಾರುಗಳಿಗೂ ಅವುಗಳ ಮುಚ್ಚಳ ಹಾಕಿ, ಸವೆದ ವಾಷರ್ ಬದಲಾಯಿಸಿ ಎಕ್ಸ್‌ಟೆನ್ಷನ್ ಬೋರ್ಡಿನ ಪಕ್ಕ ಇಡಬೇಕು. ಕೇಳಿದವರಿಗೆ ಒಂದು ಹಿಡಿ ಕಡಲೆ ಹಾಕಿ ತಿರುಗಿಸಿ ತೋರಿಸಿದರೆ ಮುಗಿಯಿತು. ಕೊಂಡ ವರ್ಷವನ್ನು ಚೀಟಿಯಲ್ಲಿ ಬರೆದು, ಸಣ್ಣ ಜಾರು ಸ್ವಲ್ಪ ಸೋರುತ್ತದೆ ಎಂಬುದಿದ್ದರೆ ಅದನ್ನೂ ಬರೆಯಬೇಕು. ಕೊಳ್ಳುವವರು ನಾಳೆ ಲಿಫ್ಟಿನಲ್ಲಿ ಸಿಗುವವರು. ಇಲ್ಲಿ ಮುಚ್ಚುಮರೆ ನಡೆಯದು.

ಸೀರೆಗಳನ್ನು ಮಡಿಸಿ ಗುಡ್ಡೆ ಹಾಕದೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಅಂಚು ಸೆರಗು ಕಾಣುವಂತೆ ತೂಗುಹಾಕಬೇಕು. ಪುಸ್ತಕಗಳ ಬೆನ್ನು ಮೇಲಿರಲಿ, ಬಗ್ಗಿ ಓದುವಂತಾಗಬೇಕು. ಮಕ್ಕಳ ಆಟಿಕೆಯನ್ನು ನೆಲದ ಚಾಪೆಯ ಮೇಲಿಟ್ಟರೆ ಮಕ್ಕಳೇ ಅಪ್ಪ ಅಮ್ಮನನ್ನು ಅಲ್ಲಿಗೆ ಎಳೆದು ತರುತ್ತಾರೆ. ಎತ್ತಿಕೊಂಡು ಬರಲಾಗದ ವಾರ್ಡ್‌ರೋಬು, ಮಂಚದಂಥವಕ್ಕೆ ಫೋಟೊ ಮತ್ತು ಉದ್ದಗಲದ ಅಳತೆ ಅಂಟಿಸಿದ ಹಾಳೆ ಸಾಕು. ಲಿಫ್ಟಿನಲ್ಲಿ ಹಿಡಿಸುತ್ತದೆಯೇ, ಬಿಚ್ಚಿ ಜೋಡಿಸುವಂಥದ್ದೇ ಎಂಬುದನ್ನೂ ಅದರಲ್ಲೇ ಬರೆದಿಟ್ಟರೆ ಅರ್ಧ ಪ್ರಶ್ನೆಗಳು ಮುಗಿಯುತ್ತವೆ.

ಪ್ರಚಾರಕ್ಕೆ ನಿವಾಸಿಗಳ ವಾಟ್ಸಾಪ್ ಗುಂಪು, ಲಿಫ್ಟಿನಲ್ಲೊಂದು ಹಾಳೆ ಇಷ್ಟೇ ಸಾಲುತ್ತದೆ. ಹತ್ತು ದಿನ ಮುಂಚೆ ಒಂದು ಸಂದೇಶ, ಹಿಂದಿನ ಸಂಜೆ ನಾಲ್ಕಾರು ಒಳ್ಳೆಯ ವಸ್ತುಗಳ ಫೋಟೊ. ಫೋಟೊದಲ್ಲಿ ಮನೆಯೊಳಗಿನ ಬೀರು, ಬೀಗ, ಮಕ್ಕಳ ಮುಖ ಬೀಳದಂತೆ ನೋಡಿಕೊಳ್ಳಬೇಕು. ‘ನನಗೆ ತೆಗೆದಿಡಿ’ ಎನ್ನುವ ಸಂದೇಶಗಳು ರಾತ್ರಿಯೇ ಬರುತ್ತವೆ. ಮುಂಗಡ ಕೊಟ್ಟವರಿಗೆ ತೆಗೆದಿಡುವುದು, ಉಳಿದವರಿಗೆ ಮೊದಲು ಬಂದವರಿಗೆ ಮೊದಲು ಎಂದು ಮುಂಚೆಯೇ ಹೇಳಿದರೆ ನೆರೆಹೊರೆಯಲ್ಲಿ ಮುನಿಸು ಹುಟ್ಟುವುದಿಲ್ಲ.

ಹಣದ ವ್ಯವಹಾರ ಈಗ ಬಹುತೇಕ ಯುಪಿಐನಲ್ಲೇ ನಡೆಯುತ್ತದೆ. ಕ್ಯೂಆರ್ ಕೋಡನ್ನು ದೊಡ್ಡದಾಗಿ ಅಚ್ಚುಹಾಕಿ ಮೇಜಿಗೆ ಅಂಟಿಸಬೇಕು. ಕೊಳ್ಳುವವರ ಮೊಬೈಲಿನ ಪರದೆಯಲ್ಲಿ ಹಸಿರು ಗುರುತು ಕಂಡರೆ ಸಾಲದು, ತಮ್ಮ ಖಾತೆಗೆ ಹಣ ಬಂದದ್ದನ್ನು ನೋಡಿಯೇ ವಸ್ತು ಕೊಡಬೇಕು. ಹೊರಗಿನವರಿಗೆ ಆನ್‌ಲೈನಿನಲ್ಲಿ ಮಾರುವವರು ಇನ್ನೊಂದನ್ನು ಮರೆಯಬಾರದು: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ‘ಈ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎಂದವರು ಮೋಸಗಾರರೇ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಿರಿಯರು ನಗದು ಕೊಡುತ್ತಾರೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಮುಂಚೆಯೇ ತಂದಿಟ್ಟುಕೊಂಡು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮೇಜಿನ ಮೇಲಿನ ಡಬ್ಬಿ ಗದ್ದಲದಲ್ಲಿ ಕಣ್ಮರೆಯಾದೀತು.

ಮೊಬೈಲ್, ಲ್ಯಾಪ್‌ಟಾಪ್ ಮಾರುವವರು ಕಡತಗಳನ್ನು ಅಳಿಸಿದರೆ ಸಾಲದು. ಬೇಕಾದ್ದನ್ನೆಲ್ಲ ಬೇರೆಡೆ ಉಳಿಸಿಕೊಂಡು, ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬಂದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಬೇಕು. ಖಾತೆ ಕಳಚದೆ ರಿಸೆಟ್ ಮಾಡಿದರೆ ಕೊಂಡವರ ಕೈಯಲ್ಲಿ ಫೋನು ಬೀಗ ಹಾಕಿಕೊಂಡು ಕೂರುತ್ತದೆ. ಸಿಮ್ಮು, ಮೆಮೊರಿ ಕಾರ್ಡು ಒಳಗೇ ಉಳಿಯುವುದು ಎಲ್ಲೆಡೆ ನಡೆಯುವ ಮರೆವು. ಕೊಳ್ಳುವವರಿಗೂ ಒಂದು ದಾರಿಯಿದೆ: ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದರೆ ಕಳವಿನದೆಂದು ತಡೆಹಿಡಿದ ಫೋನೇ ಎಂಬುದು ಗೊತ್ತಾಗುತ್ತದೆ.

ತೆರಿಗೆಯ ಚಿಂತೆ ಬೇಡ. ಸ್ವಂತ ಬಳಕೆಯ ಬಟ್ಟೆ, ಪೀಠೋಪಕರಣ, ಪಾತ್ರೆಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಒಡವೆ, ಚಿತ್ರಕಲಾಕೃತಿ, ಶಿಲ್ಪದಂಥವು ಮಾತ್ರ ಆ ವಿನಾಯಿತಿಯಿಂದ ಹೊರಗೆ.

ಕೊನೆಗೆ ಉಳಿಯುವ ಸಾಮಾನಿನ ವಿಲೇವಾರಿಯನ್ನು ಮೇಜು ಹಾಕುವ ಮುಂಚೆಯೇ ಗೊತ್ತುಮಾಡಿರಬೇಕು. ಇಲ್ಲದಿದ್ದರೆ ಎಲ್ಲವೂ ಸಂಜೆ ಲಿಫ್ಟ್ ಹತ್ತಿ ಅದೇ ಅಟ್ಟಕ್ಕೆ ಮರಳುತ್ತದೆ. ಹನ್ನೆರಡು ಗಂಟೆಯ ಮೇಲೆ ಎಲ್ಲ ಅರ್ಧ ಬೆಲೆ, ಕೊನೆಯ ಹತ್ತು ನಿಮಿಷ ಪುಕ್ಕಟೆ ಎಂದು ಸಾರಿದರೆ ಬಹುಪಾಲು ಹೋಗುತ್ತದೆ. ಒಗೆದು ಮಡಿಸಿದ ಬಟ್ಟೆ, ಶಾಲಾ ಸಾಮಗ್ರಿಗಳನ್ನು ಗೂಂಜ್ ಸಂಸ್ಥೆ ಪಡೆಯುತ್ತದೆ. ಅನ್ಶು ಗುಪ್ತಾ 1999ರಲ್ಲಿ ಕಟ್ಟಿದ ಈ ಸಂಸ್ಥೆ ಬೆಂಗಳೂರಿನಲ್ಲೂ ಕೆಲಸ ಮಾಡುತ್ತದೆ. ನಗರದ ಹಳೆಯ ಬಟ್ಟೆಯನ್ನು ಹಳ್ಳಿಗಳಿಗೆ ತಲುಪಿಸುವುದಲ್ಲದೆ, ಹತ್ತಿಯ ಬಟ್ಟೆಯಿಂದ ಹೆಣ್ಣುಮಕ್ಕಳ ಮುಟ್ಟಿನ ಪ್ಯಾಡುಗಳನ್ನೂ ತಯಾರಿಸುತ್ತದೆ. ಪುಸ್ತಕಗಳಿಗೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಬಹುದು. ಮಕ್ಕಳು ಓದುವಂಥದ್ದನ್ನಷ್ಟೇ ಕೊಡಬೇಕು, ಹಳೆಯ ಗೈಡುಗಳನ್ನಲ್ಲ. ಕೆಟ್ಟ ಚಾರ್ಜರ್, ಬ್ಯಾಟರಿ, ಟಿವಿಗಳು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಹೋಗಬೇಕು. ತಂತಿಯ ತಾಮ್ರಕ್ಕಾಗಿ ಬೀದಿಬದಿಯಲ್ಲಿ ಅವನ್ನು ಸುಟ್ಟರೆ ಹೊಗೆ ಕುಡಿಯುವವರು ಅಲ್ಲಿನ ಕೂಲಿಗಳು ಮತ್ತು ಅವರ ಮಕ್ಕಳು. ಉಳಿದ ಪ್ಲಾಸ್ಟಿಕ್, ರಟ್ಟು, ಲೋಹಗಳಿಗೆ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ. ಬೆಂಗಳೂರಿನಲ್ಲಿ ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು, ಹಸಿರು ದಳದಂಥ ಸಂಘಟನೆಯ ಸದಸ್ಯರು.

ಮೊದಲ ಮಾರಾಟಕ್ಕೆ ಆರೇಳು ಮನೆಗಳು ಒಪ್ಪಿದರೂ ಸಾಕು. ನಿವಾಸಿಗಳ ಸಂಘದ ಮುಂದಿನ ಸಭೆ ಯಾವಾಗ ಎಂದು ಕೇಳಿ, ಶಾಲೆ ತೆರೆಯುವ ಮುಂಚಿನ ಒಂದು ಭಾನುವಾರವನ್ನು ಈಗಲೇ ಕಾದಿರಿಸಿಕೊಳ್ಳಿ; ಗೂಂಜ್‌ನವರಿಗೂ ಇ-ತ್ಯಾಜ್ಯ ಒಯ್ಯುವವರಿಗೂ ಅದೇ ಸಂಜೆಗೆ ಬರಲು ಹೇಳಿಬಿಡಿ.